ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಯಾಕೆ ಹಾಡುತ್ತಾರೆ?

ಈ ತತ್ವಪದಗಳು, ಅಂದರೆ ಅನುಭಾವದ ಹಾಡುಗಳು, ಪುಸ್ತಕಕ್ಕಿಂತ ಬಾಯಲ್ಲೇ ಜಾಸ್ತಿ ಉಳಿದಿವೆ, ಅದಕ್ಕೇ. ಕಡಕೋಳ ನಮ್ಮ ಕಲಬುರಗಿ ಜಿಲ್ಲೆಯ ಊರು. ಈ ಕಡೆಯ ಭಜನೆಗೆ ಏಕತಾರಿ, ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ), ತಾಳ ಇದ್ದರೆ ಸಾಕು. ಹಿರಿಯರು ಒಂದು ಸಾಲು ಎತ್ತುತ್ತಾರೆ, ಉಳಿದವರು ಅದನ್ನೇ ಹಿಂದೆ ಹಾಡುತ್ತಾರೆ. ಪಕ್ಕದಲ್ಲಿ ಸುಮ್ನೆ ಕೂತ ಹುಡುಗನಿಗೂ ಪಲ್ಲವಿ ಬಂದುಬಿಡುತ್ತದೆ.

ಅರ್ಥ ಮಾತ್ರ ನಿಧಾನಕ್ಕೆ ಬರುತ್ತದೆ. ಮೇಲೆ ನೋಡಿದರೆ ಮನೆ, ಹೊಲದ ಮಾತು. ಒಳಗೆ ದೇಹ, ಸಾವು, ಗುರು. 20ರ ವಯಸ್ಸಲ್ಲಿ ದಾಟಿಹೋದ ಸಾಲೇ 50ರಲ್ಲಿ ಎದೆಗೆ ತಾಕುತ್ತದೆ, ಅಲ್ವಾ? ನನಗೆ ಇದೇ ದೊಡ್ಡ ಕಾರಣ ಅನಿಸುತ್ತದೆ.

ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲ ಸಾಹೇಬರೂ ಇದ್ದರು, ಅವರೂ ಪದ ಕಟ್ಟಿದರು. ಹಾಗಾಗಿ ಯಾವ ಓಣಿಯವರಿಗೂ ಇದು ಹೊರಗಿನವರ ಹಾಡಲ್ಲ.