ಗಂಧರ್ವ ಪರೀಕ್ಷೆ ಸರ್ಕಾರದ್ದೇ?

ಪ್ರಶ್ನೆ: ನನ್ನ ಮೊಮ್ಮಗಳು ಹಾರ್ಮೋನಿಯಂ ಮುಂದಿಟ್ಟುಕೊಂಡು ‘ಗಂಧರ್ವ ಪರೀಕ್ಷೆ’ಗಾಗಿ ದಿನವೂ ಭೂಪ ರಾಗ ಹಾಡುತ್ತಾಳೆ. ಈ ಗಂಧರ್ವ ಯಾರು? ಪರೀಕ್ಷೆ ಸರ್ಕಾರದ್ದೇ? ದೇಶದ ಮೊದಲ ಸಂಗೀತ ಶಾಲೆ ಅವರದೇ ಎನ್ನುತ್ತಾರೆ, ನಿಜವೇ?
– ನಿವೃತ್ತ ಪೋಸ್ಟ್‌ಮಾಸ್ಟರ್, ಶಹಾಬಾದ್

ಉತ್ತರ: ಗಂಧರ್ವ ಎಂಬುದು ವ್ಯಕ್ತಿಯಲ್ಲ, ಪೋಸ್ಟ್‌ಮಾಸ್ಟರರೇ, ಶಾಲೆಯ ಹೆಸರು. ಹಿಂದೂಸ್ತಾನಿ ಗಾಯಕ ವಿಷ್ಣು ದಿಗಂಬರ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಲೆಕ್ಕವೇ ಬೇರೆ.

ಮೊದಲನೆಯದು ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. 1886ರಲ್ಲೇ ಬರೋಡಾದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಗಾಯಕ ಮೌಲಾಬಕ್ಷರು ಸಂಗೀತ ಶಾಲೆ ನಡೆಸುತ್ತಿದ್ದರು. ಅವರು ನಮ್ಮ ಮೈಸೂರಿಗೆ ಬಂದು ಕರ್ನಾಟಕ ಸಂಗೀತ ಕಲಿತು ಹೋದವರು, ಇದನ್ನು ಯಾರೂ ನೆನೆಯುವುದಿಲ್ಲ. ಆದರೆ ಬರೋಡಾದ ಖರ್ಚು ಅರಮನೆಯದು. ಪಲುಸ್ಕರರು ಕಛೇರಿಯ ಟಿಕೆಟ್ಟಿನಿಂದ, ಜನರ ದೇಣಿಗೆಯಿಂದ ಶಾಲೆ ನಡೆಸಿದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟು ತಿಂದಿದ್ದ ಮನುಷ್ಯ ಹಾಡನ್ನು ಬರೆದಿಡುವ ಸ್ವರಲಿಪಿ ರೂಪಿಸಿ ಪುಸ್ತಕ ಅಚ್ಚು ಹಾಕಿಸಿದ್ದು ನನಗೆ ಇಂದಿಗೂ ಬೆರಗು. 1908ರಲ್ಲಿ ಮುಂಬಯಿಗೆ ಬಂದರು. ಅಲ್ಲಿ ಸಾಲ ಮಾಡಿ ಕಟ್ಟಡ ಕಟ್ಟಿಸಿದರು, ಸಾಲ ತೀರದೆ ಅದು ಹರಾಜಾಯಿತು. 1931ರಲ್ಲಿ ಮೀರಜಿನಲ್ಲಿ ತೀರಿಕೊಂಡರು. ಅದೇ ವರ್ಷ ಶಿಷ್ಯರು ಸೇರಿ ಮಂಡಳಿ ಕಟ್ಟಿದರು. ನಿಮ್ಮ ಮೊಮ್ಮಗಳ ಪ್ರಾರಂಭಿಕದಿಂದ ಹಿಡಿದು ವಿಶಾರದ, ಅಲಂಕಾರದವರೆಗಿನ ಪರೀಕ್ಷೆಗಳೆಲ್ಲ ಆ ಮಂಡಳಿಯವು.

ನಾನು ಪ್ರವೇಶಿಕಾ ಪರೀಕ್ಷೆಗೆ ಕುಳಿತದ್ದು ಇದೇ ಕಲಬುರಗಿಯಲ್ಲಿ, ಮೇ ತಿಂಗಳಲ್ಲಿ. ಬಿಸಿಲಿಗೆ ತಬಲಾದ ಚರ್ಮ ಬಿಗಿದು ಸ್ವರ ಏರುತ್ತಲೇ ಇತ್ತು. ತಬಲಾದವರು ಸುತ್ತಿಗೆ ಹಿಡಿದು ಅಂಚನ್ನು ಕೆಳಗಿನಿಂದ ಮೇಲಕ್ಕೆ ಬಡಿದು ಇಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಪಾಸಾದೆ, ಹೇಗೋ.

ಒಂದು ಮಾತು, ನೀವು ಕೇಳದಿದ್ದರೂ. ಮೊಮ್ಮಗಳ ಮುಂದಿನಿಂದ ಹಾರ್ಮೋನಿಯಂ ತೆಗೆದು ತಂಬೂರಿ ಇಡಿ. ಇಲ್ಲದಿದ್ದರೆ ಮೊಬೈಲಿನ ತಂಬೂರಿಯಾದರೂ ಸರಿ. ಭೂಪದಲ್ಲಿ ಮಧ್ಯಮ, ನಿಷಾದ ಸ್ವರಗಳೆರಡೂ ಇಲ್ಲ. ಹಾರ್ಮೋನಿಯಂ ಮೇಲೆ ಬೆರಳು ಮನೆ ತಪ್ಪಿದರೆ ಅವು ಒಳಗೆ ಬಂದುಬಿಡುತ್ತವೆ.