ತಾಯಿ ಕಾರ್ಡಿನ ಎಂಟು ವಾರ

ಪ್ರಶ್ನೆ: ಮಗ ಕೆಲಸದ ಊರಿನಿಂದ ಬಂದು ಆರು ವಾರಗಳಷ್ಟೇ ಆಗಿವೆ, ಸೊಸೆಯ ‘ತಾಯಿ ಕಾರ್ಡಿ’ನಲ್ಲಿ (ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ಕಾರ್ಡು) ಎಂಟು ವಾರದ ಗರ್ಭವೆಂದು ಬರೆದಿದ್ದಾರೆ. ಲೆಕ್ಕ ತಪ್ಪಿದೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಲೆಕ್ಕ ಸರಿಯಾಗಿಯೇ ಇದೆ, ತಾಯಿ, ದಯವಿಟ್ಟು ಸೊಸೆಯನ್ನು ಅನುಮಾನಿಸಬೇಡಿ. ಗರ್ಭ ನಿಂತ ದಿನವನ್ನು ನಿಖರವಾಗಿ ತಿಳಿಯುವುದು ಕಷ್ಟವಾದ್ದರಿಂದ, ವೈದ್ಯರು ಕಡೆಯ ಮುಟ್ಟಿನ ಮೊದಲ ದಿನದಿಂದಲೇ 280 ದಿನಗಳನ್ನು, ಅಂದರೆ 40 ವಾರಗಳನ್ನು ಎಣಿಸುತ್ತಾರೆ. ಆದರೆ 28 ದಿನಗಳ ಋತುಚಕ್ರದಲ್ಲಿ ಅಂಡ ಬಿಡುಗಡೆಯಾಗುವುದೇ ಸುಮಾರು 14ನೆಯ ದಿನ. ಅದು ಅಂಡನಾಳದಲ್ಲಿ ವೀರ್ಯಾಣುವಿನೊಡನೆ ಕೂಡಿ, ವಾರದಷ್ಟು ಹೊತ್ತಿಗೆ ಗರ್ಭಕೋಶದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಕಾರ್ಡಿನ ಎಂಟು ವಾರವೆಂದರೆ ಭ್ರೂಣಕ್ಕೆ ನಿಜವಾಗಿ ಸುಮಾರು ಆರು ವಾರ. ಈಗ ಅದು ಹೆಚ್ಚುಕಡಿಮೆ ಅವರೆಕಾಳಿನಷ್ಟೇ ಇದ್ದರೂ ಅದರ ಎದೆಬಡಿತ ಸ್ಕ್ಯಾನಿಂಗ್ ಪರದೆಯ ಮೇಲೆ ಮಿಣುಕುತ್ತದೆ. ಮುಂದಿನ ತಪಾಸಣೆಗೆ ಸೊಸೆಯ ಜೊತೆ ನೀವೂ ಹೋಗಿ ಬನ್ನಿ.