ರಜೆಯ ದಿನಕ್ಕೆ ಟೈಂಟೇಬಲ್ ಬೇಡ, ಮೂರು ಹೊತ್ತು ಗಟ್ಟಿಯಿರಲಿ

ಬೇಸಿಗೆ ರಜೆ ಶುರುವಾದ ಮೇಲೆ ಬರುವ ಪತ್ರಗಳ ಧಾಟಿಯೇ ಬೇರೆ. ಕಾಯಿಲೆ ಬಗ್ಗೆ ಕೇಳುವವರು ಕಡಿಮೆ, ದಿನ ದೂಡುವುದು ಹೇಗೆ ಎಂದು ಕೇಳುವವರೇ ಜಾಸ್ತಿ. ಪುಟ್ಟ ಮಕ್ಕಳಿರುವ ಮನೆಗಳಿಂದ ಬಂದ ಐದು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಮೊಟಕು ಮಾಡಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತೇನೆ. ರಜೆಗೆ ಮುಂಚೆಯೇ ಅರ್ಧರ್ಧ ಗಂಟೆಗೆ ಒಂದೊಂದು ಚಟುವಟಿಕೆ ಬರೆದು ಗೋಡೆಗೆ ಅಂಟಿಸಿದ್ದೆ. ಒಂದು ವಾರವೂ ನಡೆಯಲಿಲ್ಲ. ಚಿತ್ರ ಬರೆಯಲು ಕೂರಿಸಿದರೆ ಮಗಳು ಐದೇ ನಿಮಿಷಕ್ಕೆ ಎದ್ದು ‘ಬೋರ್’ ಅನ್ನುತ್ತಾಳೆ. ಅಷ್ಟರಲ್ಲಿ ಮಗ ಅವಳ ಹಾಳೆ ಹರಿದಿರುತ್ತಾನೆ. ಬೆಳಗ್ಗೆ ಹತ್ತಕ್ಕೇ ಮನೆ ರಣರಂಗ. ನಾನು ಏನು ಬದಲಾಯಿಸಬೇಕು ಡಾಕ್ಟರ್?

ಉತ್ತರ: ಮೊದಲು ಆ ಹಾಳೆಯನ್ನು ಗೋಡೆಯಿಂದ ಕಿತ್ತುಬಿಡಿ. ಶಾಲೆಯಲ್ಲಿ ಟೈಂಟೇಬಲ್ ನಡೆಯುವುದು ಅದನ್ನು ನಡೆಸುವುದಕ್ಕೆಂದೇ ಒಬ್ಬರು ಟೀಚರ್ ಇಡೀ ದಿನ ನಿಂತಿರುತ್ತಾರೆ ಎಂಬ ಕಾರಣಕ್ಕೆ. ಮನೆಯಲ್ಲಿ ನೀವು ಅಡುಗೆಯನ್ನೂ ನೋಡಬೇಕು, ಮೀಟಿಂಗಿಗೂ ಕೂರಬೇಕು, ಹರಿದ ಹಾಳೆಯ ಪಂಚಾಯಿತಿಯನ್ನೂ ಮಾಡಬೇಕು. ಅರ್ಧ ಗಂಟೆಯ ಲೆಕ್ಕ ಮೊದಲ ದಿನವೇ ತಪ್ಪುತ್ತದೆ, ತಪ್ಪಿದಾಗಲೆಲ್ಲ ನಿಮಗೇ ಬೇಜಾರು.

ದಿನದಲ್ಲಿ ಮೂರು ಹೊತ್ತನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ: ಏಳುವ ಹೊತ್ತು, ಮಧ್ಯಾಹ್ನದ ಸದ್ದಿಲ್ಲದ ಹೊತ್ತು, ಮಲಗುವ ಹೊತ್ತು. ಉಳಿದದ್ದಕ್ಕೆ ಗಡಿಯಾರ ಬೇಡ, ಒಂದಾದ ಮೇಲೆ ಒಂದು ಎಂಬ ಕ್ರಮ ಇದ್ದರೆ ಸಾಕು. ಈ ವಯಸ್ಸಿನವರಿಗೆ ‘ಹನ್ನೊಂದು ಗಂಟೆಗೆ’ ಅಂದರೆ ಏನೂ ತಿಳಿಯುವುದಿಲ್ಲ, ‘ಊಟ ಆದ ಮೇಲೆ’ ಅಂದರೆ ಚೆನ್ನಾಗಿ ತಿಳಿಯುತ್ತದೆ. ‘ಮೊದಲು ಶೂ, ಆಮೇಲೆ ಹೊರಗೆ’ ಎಂಬ ಧಾಟಿ ಕೆಲಸ ಮಾಡುತ್ತದೆ. ಮಾಡಲೇಬೇಕಾದ ಕೆಲಸವನ್ನು ಇಷ್ಟದ ಕೆಲಸಕ್ಕಿಂತ ಮೊದಲು ಇಟ್ಟರೆ ಮೊದಲನೆಯದು ಸಲೀಸಾಗುತ್ತದೆ ಎಂದು ಮನೋವಿಜ್ಞಾನಿ ಡೇವಿಡ್ ಪ್ರೀಮ್ಯಾಕ್ 1959ರಲ್ಲೇ ಬರೆದಿದ್ದರು. ಅಜ್ಜಿಯರಿಗೆ ಅದಕ್ಕೂ ಮೊದಲೇ ಗೊತ್ತಿತ್ತು, ಬಿಡಿ.

ಎದ್ದು ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ, ಬಿಸಿಲೇರುವ ಮುಂಚೆ, ಇಬ್ಬರನ್ನೂ ಹೊರಗೆ ಓಡಾಡಲು ಬಿಡಿ. ಒಂದರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಅಲುಗಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಸಲಕ್ಕೆ ಆಗಬೇಕೆಂದಿಲ್ಲ, ದಿನವಿಡೀ ಹಂಚಿಹೋದರೂ ಸರಿ. ಬೆಳಗಿನ ಓಟ ತಪ್ಪಿದ ಮನೆಯಲ್ಲಿ ಹತ್ತು ಗಂಟೆಗೆ ಸೋಫಾದ ಮೇಲೆ ಕುಣಿತ ಶುರುವಾಗುವುದು ಸಹಜವೇ.

ಇನ್ನು ಮಧ್ಯಾಹ್ನ. ಚಿಕ್ಕವನು ಮಲಗುತ್ತಾನೆ. ಮಗಳು ಮಲಗಲೇಬೇಕೆಂದಿಲ್ಲ, ಆದರೆ ಪುಸ್ತಕವನ್ನೋ ಬಣ್ಣವನ್ನೋ ಇಟ್ಟುಕೊಂಡು ಒಂದು ಮೂಲೆಯಲ್ಲಿ ಸದ್ದಿಲ್ಲದೆ ಇರುವುದನ್ನು ಕಲಿಯಬಹುದು. ಮೊದಲ ದಿನವೇ ಒಂದು ಗಂಟೆ ಕೇಳಬೇಡಿ. ಹತ್ತು ನಿಮಿಷದಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ತಲೆ ಓಡಿಸಬೇಕಾದ ಕೆಲಸವನ್ನು ಆ ಹೊತ್ತಿಗೇ ಮೀಸಲಿಟ್ಟುಕೊಳ್ಳಿ, ಪಾತ್ರೆ ತೊಳೆಯಲು ಖರ್ಚು ಮಾಡಬೇಡಿ. ನೀವು ಹೆಡ್‌ಫೋನ್ ಹಾಕಿದಾಗ ಕರೆಯಬಾರದು ಎಂಬುದನ್ನು ಐದು ವರ್ಷದವಳು ಸುಮಾರಾಗಿ ಪಾಲಿಸಬಲ್ಲಳು. ಎರಡೂವರೆಯವನಿಂದ ಅದನ್ನು ನಿರೀಕ್ಷಿಸಬೇಡಿ. ನೇರವಾಗಿ ಹೇಳುತ್ತೇನೆ: ಆ ವಯಸ್ಸಿನ ಮಗುವನ್ನು ಒಬ್ಬರೇ ನೋಡಿಕೊಳ್ಳುತ್ತ ಎಂಟು ಗಂಟೆ ಆಫೀಸ್ ಕೆಲಸವನ್ನೂ ಮುಗಿಸುವ ಉಪಾಯ ಯಾವ ತಜ್ಞರ ಬಳಿಯೂ ಇಲ್ಲ. ತಪ್ಪಿಸಲಾಗದ ಮೀಟಿಂಗ್‌ಗಳ ಹೊತ್ತಿಗಾದರೂ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರಬೇಕು. ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಹರಿದ ಹಾಳೆಯ ವಿಷಯ. ‘ಇಬ್ಬರೂ ಸೇರಿ ಆಡ್ಕೊಳ್ಳಿ’ ಎಂದು ನೀವು ದಿನಕ್ಕೆ ಎಷ್ಟು ಸಲ ಹೇಳುತ್ತೀರೋ! ಎರಡೂವರೆ ವರ್ಷದವನು ಪಕ್ಕದಲ್ಲಿ ಕೂತು ಆಡಬಲ್ಲ, ಜೊತೆಯಲ್ಲಿ ಆಡುವುದು ಅವನಿಗಿನ್ನೂ ಸರಿಯಾಗಿ ಬಂದಿರುವುದಿಲ್ಲ. ಮಕ್ಕಳ ಆಟದಲ್ಲಿನ ಈ ಹಂತಗಳನ್ನು ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲಿ ಗುರುತಿಸಿದ್ದರು. ಹಾಗಾಗಿ ಅಕ್ಕನ ಹಾಳೆ ತಮ್ಮನ ಕೈಗೆಟುಕದ ಮೇಜಿನ ಮೇಲಿರಲಿ, ತಮ್ಮನಿಗೂ ಅಂಥದ್ದೇ ಒಂದು ಹಾಳೆ, ಒಂದು ಬಣ್ಣದ ಕಡ್ಡಿ ಕೆಳಗೆ ಸಿಗಲಿ. ‘ಪಾಪ, ಅವನು ಚಿಕ್ಕವನಲ್ವಾ, ಬಿಟ್ಟುಕೊಡು’ ಎಂದು ಪ್ರತಿ ಸಲವೂ ದೊಡ್ಡವಳ ಕೆಲಸವನ್ನು ಬಲಿ ಕೊಟ್ಟರೆ ಅವಳ ಸಿಟ್ಟು ಇನ್ನೆಲ್ಲೋ ಹೊರಬರುತ್ತದೆ.

ಆಟಿಕೆಗಳನ್ನೂ ಕಡಿಮೆ ಮಾಡಿ ನೋಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ ಪುಟಾಣಿಗಳ ಮುಂದೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಇಟ್ಟಿದ್ದರು. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಮುಕ್ಕಾಲು ಪಾಲನ್ನು ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿ, ವಾರಕ್ಕೊಮ್ಮೆ ಅದಲುಬದಲು ಮಾಡಿ.

ಮಗಳು ‘ಬೋರ್’ ಅಂದಾಗ ಅವಳಿಗೆ ಹಸಿವೋ, ನಿದ್ದೆಯೋ, ನೀವೇ ಬೇಕೋ ಎಂದು ನೋಡಿ. ಮೂರೂ ಅಲ್ಲದಿದ್ದರೆ ‘ಹೌದಾ’ ಎಂದು ಸುಮ್ಮನಾಗಿ. ಸ್ವಲ್ಪ ಗೊಣಗಿ ತಾನೇ ಏನಾದರೂ ಹುಡುಕಿಕೊಳ್ಳುತ್ತಾಳೆ. ನೀವೇ ಬೇಕಾಗಿದ್ದರೆ ಮಾತ್ರ ಅದು ಬೇರೆ ಲೆಕ್ಕ. ಕಂಪ್ಯೂಟರ್ ತೆರೆಯುವ ಮುಂಚೆ ಹತ್ತು ನಿಮಿಷ, ಮೊಬೈಲ್ ದೂರವಿಟ್ಟು, ಅವಳು ಹೇಳಿದ ಆಟವನ್ನು ಅವಳು ಹೇಳಿದ ಹಾಗೆ ಆಡಿ. ಆಮೇಲಿನ ಒಂದು ಗಂಟೆ ಹಗುರವಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಪ್ರಶ್ನೆ: ರಜೆಯಲ್ಲಿ ನೆಂಟರಿಷ್ಟರು ಬಂದು ಹೋಗುತ್ತಿರುತ್ತಾರೆ. ನಾಲ್ಕು ವರ್ಷದ ಮಗ ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ಹೊತ್ತಾದಷ್ಟೂ ಅವನ ಹಾರಾಟ ಹೆಚ್ಚುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಏಳುತ್ತಾನೆ. ಗದರಿಸಿ ಮಲಗಿಸಬೇಕೇ?

ಉತ್ತರ: ಗದರಿಸಿದರೆ ಬರುವ ನಿದ್ದೆಯೂ ಹಾರಿಹೋಗುತ್ತದೆ. ಹೊತ್ತು ಮೀರಿದ ಮಗು ದೊಡ್ಡವರಂತೆ ತೂಕಡಿಸುವುದಿಲ್ಲ, ಕುಣಿಯುತ್ತದೆ. ಅವನ ಹಾರಾಟವನ್ನು ದಣಿವಿನ ಲಕ್ಷಣವೆಂದೇ ಓದಿಕೊಳ್ಳಿ.

ಮೂರರಿಂದ ಐದು ವರ್ಷದವರಿಗೆ 24 ಗಂಟೆಗಳಲ್ಲಿ, ಹಗಲು ನಿದ್ದೆಯೂ ಸೇರಿ, 10ರಿಂದ 13 ಗಂಟೆ ನಿದ್ದೆ ಬೇಕು. ನಿಮ್ಮ ಮಗ ಹೇಗೋ ಆ ಲೆಕ್ಕ ಸರಿದೂಗಿಸಿಕೊಳ್ಳುತ್ತಿರಬಹುದು, ಆದರೆ ಗಡಿಯಾರವೇ ಮುಂದಕ್ಕೆ ಜಾರಿದೆ. ಅದನ್ನು ಬೆಳಗಿನ ಕಡೆಯಿಂದ ಎಳೆಯಿರಿ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಮುಂಚೆ ಎಬ್ಬಿಸಿ, ಎದ್ದ ಕೂಡಲೇ ಬೆಳಕಿಗೆ ಕರೆದುಕೊಂಡು ಹೋಗಿ. ರಾತ್ರಿಯ ಹೊತ್ತೂ ಹಿಂದೆಯೇ ಸರಿಯುತ್ತದೆ. ಮಧ್ಯಾಹ್ನ ಮಲಗುವ ಅಭ್ಯಾಸವಿದ್ದರೆ ಮೂರು ಗಂಟೆಯೊಳಗೆ ಎಬ್ಬಿಸಿಬಿಡಿ.

ಸಂಜೆಯ ದೀಪದ ಕಡೆಗೂ ಗಮನವಿರಲಿ. ಕತ್ತಲಾದಾಗ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರಿ ನಿದ್ದೆಗೆ ದಾರಿ ಮಾಡುತ್ತದೆ, ಪ್ರಖರ ಬೆಳಕು ಅದನ್ನು ತಡೆಯುತ್ತದೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ಹಾಗಾಗಿ ನಮಗಿಂತ ಹೆಚ್ಚು ಬೆಳಕು ಅವರ ಕಣ್ಣೊಳಗೆ ಹೋಗುತ್ತದೆ. ಮಲಗುವ ಒಂದು ಗಂಟೆ ಮುಂಚೆ ದೊಡ್ಡ ದೀಪ, ಟಿವಿ, ಮೊಬೈಲ್ ಆರಿಸಿ. ಬಿಸಿಲಿಗೆ ಕಾದ ಮನೆಯಾದರೆ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದು ತೆಳು ಹತ್ತಿ ಬಟ್ಟೆ ಹಾಕಿ. ನೆಂಟರು ಬಂದ ದಿನ ಲೇಟಾದರೆ ಆಗಲಿ, ಅಜ್ಜ-ಅಜ್ಜಿ, ಅತ್ತೆ-ಮಾವಂದಿರ ಮಡಿಲಲ್ಲಿ ಕಳೆದ ಹೊತ್ತಿಗೂ ಬೆಲೆಯಿದೆ. ಮರುದಿನ ಏಳುವ ಹೊತ್ತನ್ನು ಮಾತ್ರ ಬಿಟ್ಟುಕೊಡಬೇಡಿ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಈ ಸೆಕೆಗೆ ಗಂಟಲು ಒಣಗುತ್ತದೆ, ಎರಡು ಚಮಚ ನೀರು ಕುಡಿಸು ಅಂತ ಮನೆಯಲ್ಲಿ ದೊಡ್ಡವರು ಹೇಳುತ್ತಾರೆ. ಕೊಡಬಹುದಾ?

ಉತ್ತರ: ಬೇಡ. ಎದೆಹಾಲಿನಲ್ಲಿ ಶೇ. 80ಕ್ಕಿಂತ ಹೆಚ್ಚು ನೀರೇ ಇದೆ. ಆರು ತಿಂಗಳು ತುಂಬುವವರೆಗೆ, ಎಂಥ ಸೆಕೆಯಲ್ಲೂ ಅದೇ ಸಾಕು. ಹಾಲು ಕುಡಿಸುವುದನ್ನು ಹೆಚ್ಚು ಸಲ ಮಾಡಿ, ನೀರನ್ನು ನೀವು ಕುಡಿಯಿರಿ. ಪುಡಿ ಹಾಲು ಕೊಡುತ್ತಿದ್ದರೆ ಡಬ್ಬಿಯ ಮೇಲಿನ ಅಳತೆಯನ್ನೇ ಪಾಲಿಸಿ, ತೆಳು ಮಾಡಬೇಡಿ. ಪುಟ್ಟ ಹೊಟ್ಟೆ ನೀರಿನಿಂದ ತುಂಬಿದರೆ ಹಾಲು ಕಡಿಮೆಯಾಗುತ್ತದೆ, ನೀರು ವಿಪರೀತವಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ. ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದರೆ ಸಾಮಾನ್ಯವಾಗಿ ಸಾಕಷ್ಟು ಹಾಲು ಸಿಗುತ್ತಿದೆ ಎಂದರ್ಥ. ಆರೆಂಟು ಗಂಟೆ ಮೂತ್ರವೇ ಇಲ್ಲ, ಬಾಯಿ ಒಣಗಿದೆ, ಅತ್ತರೂ ಕಣ್ಣೀರಿಲ್ಲ, ಮಗು ಮಂಕಾಗಿದೆ ಎನಿಸಿದರೆ ಆಸ್ಪತ್ರೆಗೆ ಹೊರಡಿ. ದೊಡ್ಡವರಿಗೆ ಬೇಸರವಾಗುತ್ತದೆ ಎಂದಿದ್ದರೆ ‘ಡಾಕ್ಟರ್ ಬೇಡ ಅಂದಿದ್ದಾರೆ’ ಎಂದು ನನ್ನ ಮೇಲೆ ಹಾಕಿಬಿಡಿ.

ಪ್ರಶ್ನೆ: ಸೆಕೆ ತಡೆಯದೆ ಹಿತ್ತಲಲ್ಲಿ ಟಬ್‌ಗೆ ನೀರು ತುಂಬಿ ಮಕ್ಕಳನ್ನು ಬಿಡುತ್ತೇವೆ. ನೀರು ಮೊಣಕಾಲಿನಷ್ಟೂ ಇಲ್ಲ. ಏಳು ವರ್ಷದ ದೊಡ್ಡವನು ಒಂದೂವರೆ ವರ್ಷದ ತಂಗಿಯನ್ನು ನೋಡಿಕೊಳ್ಳುತ್ತಾನೆ. ಒಂದು ಫೋನ್ ಮುಗಿಸಿ ಬರುವಷ್ಟು ಹೊತ್ತು ಬಿಡಬಹುದಲ್ಲವೇ?

ಉತ್ತರ: ಬಿಡಬಾರದು. ಈ ಒಂದು ವಿಷಯದಲ್ಲಿ ನನ್ನ ಹತ್ತಿರ ರಿಯಾಯಿತಿ ಇಲ್ಲ.

ಒಂದೂವರೆ ವರ್ಷದ ಮಗುವಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಮುಗ್ಗರಿಸಿ ಮುಖ ನೀರಿಗೆ ಬಿದ್ದರೆ ತಲೆಯೆತ್ತಿ ಏಳುವ ಶಕ್ತಿ ಇರುವುದಿಲ್ಲ. ಕೆಲವೇ ಸೆಂಟಿಮೀಟರ್ ನೀರೂ ಸಾಕು, ಬಕೆಟ್ಟೂ ಸಾಕು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈಕಾಲು ಬಡಿದು ಕೂಗಿಕೊಳ್ಳುವುದಿಲ್ಲ, ಬಹುಪಾಲು ಸದ್ದೇ ಇರುವುದಿಲ್ಲ. ಕಿವಿಯೊಂದನ್ನು ಅತ್ತ ಇಟ್ಟಿದ್ದೆ ಎಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬರದು. ಏಳು ವರ್ಷದವನೂ ಮಗುವೇ. ಅವನ ಗಮನ ಒಂದು ಚಿಟ್ಟೆಯ ಹಿಂದೆ ಹೋಗಬಹುದು, ಆಮೇಲೆ ಆ ಹೊರೆಯನ್ನು ಅವನು ಜೀವಮಾನವಿಡೀ ಹೊರಬೇಕಾಗಬಹುದು.

ದೊಡ್ಡವರೊಬ್ಬರು ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತಿರಬೇಕು, ಫೋನ್ ಒಳಗಿರಬೇಕು. ಮನೆ ತುಂಬ ಜನ ಇರುವಾಗ ಇನ್ನೂ ಜಾಗ್ರತೆ, ‘ಯಾರೋ ನೋಡುತ್ತಿದ್ದಾರೆ’ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ‘ಈಗ ನನ್ನ ಸರದಿ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಆಟ ಮುಗಿದ ಕ್ಷಣವೇ ಟಬ್ ಬರಿದು ಮಾಡಿ ಬೋರಲು ಹಾಕಿ, ಬಚ್ಚಲುಮನೆಯ ಬಕೆಟ್‌ಗೂ ಅದೇ ನಿಯಮ.

ಕಾರಿನ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಮಲಗಿದ ಮಗುವನ್ನು ‘ಎಬ್ಬಿಸುವುದೇಕೆ’ ಎಂದು ಬಿಟ್ಟು ಅಂಗಡಿಗೆ ಇಳಿಯಬೇಡಿ. ಸೆಕೆಯಲ್ಲಿದ್ದ ಮಗುವಿನ ಮೈ ಕೆಂಡದಂತಾಗಿ, ತೊದಲಿಕೆ, ಗೊಂದಲ, ಮಂಪರು ಕಂಡರೆ ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಆಂಬುಲೆನ್ಸ್ ಕರೆಯಿರಿ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ಮಕ್ಕಳ ರಜೆ ಶುರುವಾದಾಗಿನಿಂದ ನಮ್ಮಿಬ್ಬರಿಗೂ ದಿನಾ ಜಗಳ. ನಾನು ಸಂಜೆ ಆಫೀಸಿನಿಂದ ಬಂದಾಗ ಮೂರು ವರ್ಷದ ಮಗಳ ಕೈಯಲ್ಲಿ ಮೊಬೈಲ್ ಇರುತ್ತದೆ, ಕಸಿದರೆ ರಚ್ಚೆ ಹಿಡಿಯುತ್ತಾಳೆ. ಹೆಂಡತಿ ಹೇಳಿದ ಕೆಲಸವನ್ನೆಲ್ಲ ಮಾಡುತ್ತೇನೆ. ಆದರೂ ಅವಳಿಗೆ ಸಮಾಧಾನವಿಲ್ಲ.

ಉತ್ತರ: ಮೊದಲು ಮೊಬೈಲ್. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಡೀ ದಿನ ಮಗುವಿನ ಹಿಂದೆ ಓಡಿದ ತಾಯಿ ಸಂಜೆ ಅಡುಗೆಯ ಹೊತ್ತಿಗೆ ಅರ್ಧ ಗಂಟೆ ಅದನ್ನು ಬಳಸಿದರೆ ನಾನು ತಪ್ಪು ಹುಡುಕಲಾರೆ. ಅತ್ತಾಗಲೆಲ್ಲ ಕೊಡುವುದು ಬೇಡ, ದಿನಾ ಅದೇ ಹೊತ್ತಿಗೆ ಕೊಡಿ. ಕಸಿಯುವುದನ್ನಂತೂ ನಿಲ್ಲಿಸಿ. ನೀವು ಬಂದವರೇ ಪಕ್ಕದಲ್ಲಿ ಕೂತು ಎರಡು ನಿಮಿಷ ಅವಳ ಜೊತೆ ನೋಡಿ, ‘ಇದು ಮುಗಿದ ಮೇಲೆ ಇಬ್ಬರೂ ಹೊರಗೆ ಹೋಗೋಣ’ ಎನ್ನಿ, ಕಾರ್ಯಕ್ರಮ ಮುಗಿದಾಗ ಆರಿಸಿ. ಮೊದಮೊದಲು ರಂಪವಾಗುತ್ತದೆ. ಹತ್ತಿರವೇ ಇರಿ, ಮೊಬೈಲನ್ನು ಮಾತ್ರ ಮತ್ತೆ ಕೈಗೆ ಕೊಡಬೇಡಿ.

ಇನ್ನು ನಿಮ್ಮ ಜಗಳ. ಹೇಳಿದ್ದನ್ನು ಮಾಡುತ್ತೀರಿ, ನಿಜ. ಆದರೆ ಏನು ಹೇಳಬೇಕು ಎಂದು ನೆನಪಿಟ್ಟುಕೊಳ್ಳುವ ಕೆಲಸ ನಿಮ್ಮ ಹೆಂಡತಿಯ ತಲೆಯ ಮೇಲೇ ಉಳಿದಿದೆ. ಲಸಿಕೆ ಯಾವಾಗ, ಚಪ್ಪಲಿ ಚಿಕ್ಕದಾಯಿತೇ, ನಾಳೆಗೆ ಒಗೆದ ಬಟ್ಟೆ ಇದೆಯೇ ಎಂಬ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಗಿಯುವುದೂ ಇಲ್ಲ. ಬಿಡಿ ಬಿಡಿ ಕೆಲಸ ಕೇಳುವ ಬದಲು ಒಂದು ಪೂರ್ತಿ ಭಾಗವನ್ನೇ ವಹಿಸಿಕೊಳ್ಳಿ. ಉದಾಹರಣೆಗೆ, ಸಂಜೆ ನೀವು ಬಂದಾಗಿನಿಂದ ಮಗಳು ಮಲಗುವವರೆಗೆ ಎಲ್ಲವೂ ನಿಮ್ಮದು: ಸ್ನಾನ, ಬಟ್ಟೆ, ಊಟ ಮಾಡಿಸುವುದು, ಹಲ್ಲುಜ್ಜಿಸುವುದು, ಕಥೆ. ಟವೆಲ್ ಎಲ್ಲಿದೆ ಎಂದು ಕೇಳಲೂಬಾರದು, ನೀವೇ ಹುಡುಕಬೇಕು. ಪೇಸ್ಟ್ ಮುಗಿದಿರುವುದು ನಿಮಗೇ ಕಾಣಬೇಕು.

ಈ ಹಂಚಿಕೆಯನ್ನು ಜಗಳದ ನಡುವೆ ಮಾಡಬೇಡಿ. ಮಗು ಮಲಗಿದ ಒಂದು ರಾತ್ರಿ ಇಬ್ಬರೂ ಕೂತು, ವಾರದ ಕೆಲಸಗಳನ್ನು, ನೆನಪಿಡುವ ಕೆಲಸಗಳನ್ನೂ ಸೇರಿಸಿ, ಒಂದು ಕಾಗದದ ಮೇಲೆ ಬರೆಯಿರಿ. ಪಟ್ಟಿಯ ಉದ್ದ ನೋಡಿದಾಗಲೇ ಅರ್ಧ ವಾದ ನಿಂತುಹೋಗುವುದುಂಟು. ಯಾವುದನ್ನು ಈ ಬೇಸಿಗೆಯಲ್ಲಿ ಮಾಡದೆಯೇ ಬಿಡಬಹುದು ಎಂದೂ ಗುರುತು ಹಾಕಿ. ಇಸ್ತ್ರಿ ಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ.

ನಿಮ್ಮ ಹೆಂಡತಿಗೂ ಈ ಉತ್ತರ ತೋರಿಸಿ. ಅಮ್ಮಾ, ಅವರು ಅಂಗಿಯನ್ನು ಹಿಂದುಮುಂದಾಗಿ ಹಾಕಿಸಿದರೂ, ಎರಡು ಕಥೆಯ ಬದಲು ನಾಲ್ಕು ಹೇಳಿ ಮಲಗಿಸುವುದು ಲೇಟಾದರೂ, ಆ ಹೊತ್ತಿನಲ್ಲಿ ನೀವು ಕೋಣೆಯೊಳಗೆ ಬಂದು ತಿದ್ದಬೇಡಿ. ಒಂದೆರಡು ವಾರ ಬಿಟ್ಟು ನೋಡಿ, ಆಮೇಲೆ ಇಬ್ಬರಲ್ಲಿ ಯಾರಾದರೂ ಮತ್ತೆ ಬರೆಯಿರಿ.